ಮಳೆ ಬಂದರೆ ಇಂಟರ್ನೆಟ್ ಯಾಕೆ ನಿಲ್ಲುತ್ತದೆ?



ಹೋದ ಮಳೆಗಾಲದಲ್ಲಿ ಅಕ್ಕನ ಹಾಸ್ಟೆಲ್ ಅರ್ಜಿ ಹಾಕಲು ಕೊನೇ ದಿನ. ನಮ್ಮ ಕಡೆ ಟವರ್ ಸಿಗೋದಿಲ್ಲ. ಅದಕ್ಕೆ ಅಪ್ಪ, ಅಕ್ಕ, ನಾನು ಉಪಗ್ರಹದ ಇಂಟರ್ನೆಟ್ ಇರುವ ಅಂಗಡಿಗೆ ಹೋದೆವು. ಜೋರು ಮಳೆ. ಮಾರ್ಕ್ಸ್ ಕಾರ್ಡಿನ ಫೋಟೋ ಅರ್ಧ ಹೋಗಿ ನಿಂತುಬಿಡ್ತು. ಅಕ್ಕ ಅಳೋಕೆ ಶುರು ಮಾಡಿದಳು. ಸಂಜೆ ಮಳೆ ನಿಂತ ಮೇಲೆ ಹೇಗೋ ಹೋಯಿತು. ಮಾರನೇ ದಿನ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ತಿಳಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ಫೋಟೋ ಇಡಿಯಾಗಿ ಹೋಗೋದಿಲ್ಲ. ಅದನ್ನು ಸಣ್ಣ ಸಣ್ಣ ತುಂಡು ಮಾಡಿ, ನಂಬರ್ ಹಾಕಿ ಕಳಿಸ್ತಾರೆ. ಇದಕ್ಕೆ ಪ್ಯಾಕೆಟ್ ಎನ್ನುತ್ತಾರೆ. ಭೂಸ್ಥಿರ ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ. ರೇಡಿಯೋ ಅಲೆ ಸೆಕೆಂಡಿಗೆ 3 ಲಕ್ಷ ಕಿ.ಮೀ. ಓಡಿದರೂ ಮೇಲೆ ಹೋಗಿ ಕೆಳಗೆ ಬರಲು ಸುಮಾರು ಕಾಲು ಸೆಕೆಂಡ್ ಬೇಕು. ‘ತಲುಪಿತು’ ಎಂಬ ಉತ್ತರ ಬರಲು ಇನ್ನೂ ಕಾಲು ಸೆಕೆಂಡ್. ಮಳೆ ಹನಿಗಳು ಅಲೆಯನ್ನು ದುರ್ಬಲ ಮಾಡುವುದರಿಂದ ಕೆಲವು ಪ್ಯಾಕೆಟ್ ದಾರಿಯಲ್ಲೇ ಕೆಡುತ್ತವೆ. ಕೆಟ್ಟದ್ದನ್ನು ಸರಿಪಡಿಸಲು ಮೂರು ವಿಧಾನಗಳಿವೆ. 10 ಚೀಟಿ ಕಳಿಸಿದಾಗ 3ನೆಯದು ಕಳೆಯಿತು ಎಂದುಕೊಳ್ಳಿ.

1. 3ರಿಂದ 10ರವರೆಗೆ ಎಲ್ಲವನ್ನೂ ಮತ್ತೆ ಕಳಿಸುವುದು. ಒಂದು ಕಳೆದಿದ್ದಕ್ಕೆ ಎಂಟು ಚೀಟಿ ಹೊರಬೇಕು!

2. 3ನೆಯದನ್ನು ಮಾತ್ರ ಕೇಳಿ ತರಿಸುವುದು. ಟಿಸಿಪಿ ಎಂಬ ಇಂಟರ್ನೆಟ್ ನಿಯಮಕ್ಕೆ ಇದನ್ನು 1996ರಲ್ಲಿ ಸೇರಿಸಿದರು. ಆದರೂ ಕೇಳಿ ತರಿಸಲು ಅರ್ಧ ಸೆಕೆಂಡ್ ಕಾಯಲೇಬೇಕು.

3. ಮೊದಲೇ ಒಂದು ಹೆಚ್ಚುವರಿ ಚೀಟಿ ಕಳಿಸುವುದು. ಉದಾಹರಣೆಗೆ 4, 7, 5 ಕಳಿಸುವಾಗ ಮೊತ್ತ 16 ಎಂದೂ ಕಳಿಸಿ. 7 ಕಳೆದರೆ 16ರಲ್ಲಿ 4 ಮತ್ತು 5 ಕಳೆಯಿರಿ, 7 ಸಿಕ್ಕಿತು! ಯಾರನ್ನೂ ಕೇಳಬೇಕಿಲ್ಲ. ಆದರೆ ಮೂರು ಚೀಟಿಯ ಕೆಲಸಕ್ಕೆ ನಾಲ್ಕು ಚೀಟಿ ಖರ್ಚು. ಎರಡು ಕಳೆದರೆ ಒಂದು ಮೊತ್ತ ಸಾಲದು. ಎರಡು ಹೆಚ್ಚುವರಿ ಚೀಟಿಯಿಂದ ಎರಡನ್ನೂ ಕಂಡುಹಿಡಿಯುವ ಜಾಣ ಲೆಕ್ಕವನ್ನು ರೀಡ್ ಮತ್ತು ಸಾಲೊಮನ್ ಎಂಬುವವರು 1960ರಲ್ಲಿ ಪ್ರಕಟಿಸಿದರು.

ಇನ್ನೊಂದು ತೊಂದರೆ ಇದೆ. ಪ್ಯಾಕೆಟ್ ಕಳೆದರೆ ಟಿಸಿಪಿ ಸಾಮಾನ್ಯವಾಗಿ ‘ದಾರಿಯಲ್ಲಿ ಜನಜಂಗುಳಿ ಇದೆ’ ಅಂದುಕೊಂಡು ವೇಗ ತಗ್ಗಿಸ್ತದೆ. ನಿಜವಾಗಿ ಜಂಗುಳಿ ಇಲ್ಲ, ಮಳೆ ಅಷ್ಟೇ! ಉತ್ತರ ತಡವಾಗಿ ಬರೋದರಿಂದ ಮತ್ತೆ ವೇಗ ಏರೋದೂ ನಿಧಾನ. ಆದ್ದರಿಂದ ಉಪಗ್ರಹದ ದಾರಿಯಲ್ಲಿ ಮೂರನೇ ವಿಧಾನ ತುಂಬಾ ಮುಖ್ಯ. ಅದಕ್ಕೂ ಸಿಗದೆ ಉಳಿದದ್ದನ್ನು ಮಾತ್ರ ಕೇಳಿ ತರಿಸಬೇಕು. ಮಳೆ ಹೆಚ್ಚಿದಂತೆ ಹೆಚ್ಚುವರಿ ಚೀಟಿಗಳನ್ನು ಜಾಸ್ತಿ ಮಾಡುವ ಯಂತ್ರಗಳೂ ಇವೆ. ಆಗ ವೇಗ ಕಡಿಮೆಯಾದರೂ ಕೆಲಸ ನಿಲ್ಲೋದಿಲ್ಲ. ಆದರೆ ಏನೂ ತಲುಪದಷ್ಟು ಮಳೆ ಬಂದರೆ ಯಾವ ಲೆಕ್ಕವೂ ನಡೆಯದು.

ಅಕ್ಕನಿಗೆ ಸೀಟು ಸಿಕ್ಕಿತು. ನೀವು ಮಾತ್ರ ಅರ್ಜಿಯನ್ನು ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ.

ನಿಮಗೊಂದು ಲೆಕ್ಕ: ಬಂದ ಚೀಟಿಗಳು 8 ಮತ್ತು 6, ಮೊತ್ತ 23. ಕಳೆದದ್ದು ಯಾವುದು? ಉತ್ತರ ಮುಂದಿನ ಸಂಚಿಕೆಯಲ್ಲಿ.

– 7ನೇ ತರಗತಿ ವಿದ್ಯಾರ್ಥಿ