ಭಯವೂ ಆಸ್ವಾದ್ಯವಾಗುವ ಬಗೆ

ರನ್ನನ ಗದಾಯುದ್ಧವನ್ನು ಪಾಠ ಹೇಳುವಾಗ ಒಂದು ಸಂಗತಿಯನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ನೀತಿಬೋಧೆಯ ಮಾತು ಬಂದಾಗ ತೂಕಡಿಸುವ ಹುಡುಗರು, ದುರ್ಯೋಧನನು ಹೆಣಗಳ ನಡುವೆ ಕಾಲಿರಿಸುತ್ತ ಸಾಗುವ ರಣಭೂಮಿಯ ವರ್ಣನೆ ಬಂದೊಡನೆ, ಮರುಳುಗಳು ಮಾತನಾಡುವ ಎಡೆಗೆ ಮುಟ್ಟಿದೊಡನೆ, ನೆಟ್ಟಗೆ ಕುಳಿತುಕೊಳ್ಳುತ್ತಾರೆ. ಇದು ಕೇವಲ ಎಳೆಯರ ಚಾಪಲ್ಯವಲ್ಲ. ಯಕ್ಷಗಾನದ ಬಣ್ಣದ ವೇಷವನ್ನು ಕಾಣಲು ಹಿರಿಯರೂ ನಿದ್ದೆಗೆಟ್ಟು ಕಾದಿದ್ದುಂಟು. 2004ರಲ್ಲಿ ತೆರೆಕಂಡ ‘ಆಪ್ತಮಿತ್ರ’ ಚಲನಚಿತ್ರದ ನಾಗವಲ್ಲಿಯನ್ನು ಜನರು ಇಂದಿಗೂ ಮರೆತಿಲ್ಲ. ಬಾಳಿನಲ್ಲಿ ಯಾವುದನ್ನು ಕಂಡು ದೂರ ಸರಿಯುವೆವೋ, ಕಲೆಯಲ್ಲಿ ಅದನ್ನೇ ಅರಸಿ ಹೋಗುವುದೇಕೆ?

ಈ ಪ್ರಶ್ನೆ ನಮ್ಮ ಲಾಕ್ಷಣಿಕರಿಗೆ ಹೊಸದಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಣಿಸಿದ 8 ರಸಗಳಲ್ಲಿ ಭಯಾನಕವೂ ಬೀಭತ್ಸವೂ ಸೇರಿವೆ. ಮೊದಲನೆಯದಕ್ಕೆ ಭಯವು ಸ್ಥಾಯಿಭಾವ, ಎರಡನೆಯದಕ್ಕೆ ಜುಗುಪ್ಸೆ. ಕಾಶ್ಮೀರದ ಅಭಿನವಗುಪ್ತನು, ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ಬಾಣಕ್ಕೆ ಬೆದರಿ ಓಡುವ ಜಿಂಕೆಯನ್ನೇ ನಿದರ್ಶನವಾಗಿ ಕೈಗೊಂಡು ಇದರ ಮರ್ಮವನ್ನು ವಿವರಿಸಿದನು. ಸಹೃದಯನು ಅಲ್ಲಿ ಅನುಭವಿಸುವ ಭಯವು ನನ್ನದಲ್ಲ, ನಿಮ್ಮದಲ್ಲ. ದೇಶಕಾಲಗಳ ಕಟ್ಟು ಕಳಚಿ ಎಲ್ಲರಿಗೂ ಸಾಧಾರಣವಾದುದು. ಓಡಿಹೋಗಬೇಕಾದ ಒತ್ತಾಯವಿಲ್ಲದುದರಿಂದ ಮನಸ್ಸು ಅಲ್ಲಿಯೇ ನಿಂತು ಭಯದ ಸ್ವರೂಪವನ್ನು ನೋಡಬಲ್ಲುದು. ಸಾಧಾರಣೀಕರಣವೆಂಬ ಮಾತಿನ ಹುರುಳು ಇದೇ.

ಆದರೆ ಈ ಅಂತರ ಅಳಿದಾಗ ಆಗುವ ಅನರ್ಥವನ್ನೂ ನಮ್ಮ ಕವಿಗಳು ಬಲ್ಲರು. 1209ರಲ್ಲಿ ರಚಿತವಾದ ಜನ್ನನ ಯಶೋಧರಚರಿತೆಯಲ್ಲಿ ರಾಣಿ ಅಮೃತಮತಿಯು ಇರುಳಿನಲ್ಲಿ ತೇಲಿಬಂದ ಗಾನಕ್ಕೆ ಮರುಳಾಗಿ, ವಿಕಾರರೂಪಿಯಾದ ಮಾವಟಿಗನಿಗೆ ಒಲಿಯುತ್ತಾಳೆ; ಕಡೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಓದುವ ನಮಗೆ ಅದು ಕಾವ್ಯ. ಅವಳಿಗಾದರೋ ಬಾಳಿನ ಕೇಡು.

ಇಂದು ರಸ್ತೆಯಲ್ಲಿ ಅಪಘಾತವಾದಾಗ, ನೀರು ಕೊಡುವ ಕೈಗಳಿಗಿಂತ ಮೊದಲೇ ಮೊಬೈಲಿನಲ್ಲಿ ಚಿತ್ರ ಹಿಡಿಯುವ ಕೈಗಳು ಮೇಲೇಳುವುದನ್ನು ಕಾಣುತ್ತೇವೆ. ಅಲ್ಲಿ ನರಳುತ್ತಿರುವ ಜೀವವು ‘ಸಾಧಾರಣ’ವಲ್ಲ, ಅದಕ್ಕೊಂದು ಹೆಸರುಂಟು, ಮನೆಯಲ್ಲಿ ಕಾಯುವ ತಾಯಿಯುಂಟು. ಅಲ್ಲಿ ಪ್ರೇಕ್ಷಕನಾಗಿ ನಿಲ್ಲುವುದು ರಸಿಕತೆಯಲ್ಲ, ನಿರ್ದಯತೆ.

ಆದುದರಿಂದ ಅಧ್ಯಾಪಕಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೆ: ಮಕ್ಕಳ ಕೈಯಿಂದ ದೆವ್ವದ ಕಥೆಯನ್ನು ಕಸಿಯಬೇಡಿರಿ. ರಂಗಸ್ಥಳದ ನೆತ್ತರಿಗೂ ಬೀದಿಯ ನೆತ್ತರಿಗೂ ಇರುವ ಭೇದವನ್ನು ತಿಳಿಸಿಕೊಡಿರಿ. ಮೊದಲನೆಯದರೆದುರು ಕುಳಿತು ನೋಡಲಿ. ಎರಡನೆಯದನ್ನು ಕಂಡರೆ ಎದ್ದು ಓಡಿಹೋಗಿ ಕೈನೀಡಲಿ.