ಅಂಗಡಿಯೋ, ಅಂತರಜಾಲವೋ? – ಸಣ್ಣ ವ್ಯಾಪಾರಿಯ ಮುಂದಿರುವ ಪ್ರಶ್ನೆ

ಗೋದಾವರಿ ನಮಗೆ ಪರಕೀಯಳಲ್ಲ. ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ‘ಕವಿರಾಜಮಾರ್ಗ’ವು ಹೆಸರಿಸಿದ ನದಿಯದು. ಅದರ ದಡದ ನಾಸಿಕದಲ್ಲಿಯೂ, ಅಲ್ಲಿಂದ ಸುಮಾರು 180 ಕಿಲೋಮೀಟರ್ ದೂರದ, 2023ರಲ್ಲಿ ಔರಂಗಾಬಾದ್ ಎಂಬ ಹೆಸರನ್ನು ಬಿಟ್ಟು ಛತ್ರಪತಿ ಸಂಭಾಜಿನಗರವೆನಿಸಿದ ಊರಿನಲ್ಲಿಯೂ ಉದ್ಯೋಗಕ್ಕೆಂದು ಬಂದು ನೆಲೆಸಿದವರಲ್ಲಿ ಕನ್ನಡಿಗರೂ ಇದ್ದಾರೆ. ಸಾತಪುರ, ಅಂಬಡ, ವಾಳೂಜಗಳ ಕಾರ್ಖಾನೆಯಿಂದ ನಿವೃತ್ತರಾದವರ ಕೈಗೆ ಭವಿಷ್ಯನಿಧಿಯ ಹಣ ಬಂದಾಗ, ‘ಒಂದು ಅಂಗಡಿ ತೆರೆಯೋಣವೇ, ಅಥವಾ ಮಕ್ಕಳು ಹೇಳುವಂತೆ ಅಂತರಜಾಲದಲ್ಲಿ ಮಾರೋಣವೇ?’ ಎಂಬ ಪ್ರಶ್ನೆ ಏಳುವುದು ಸಹಜ. ಒಮ್ಮೆ ಕಳೆದರೆ ಮರಳಿ ಗಳಿಸಲಾಗದ ಹಣವಾದುದರಿಂದ ಈ ವಿಷಯವನ್ನು ಲೆಕ್ಕದ ಸಹಿತ ವಿಚಾರಿಸುವುದು ಒಳಿತು.

ಅಂಗಡಿಯ ಲೆಕ್ಕ

ಉದಾಹರಣೆಗೆ, ತಿಂಗಳಿಗೆ ಬಾಡಿಗೆ 15,000 ರೂಪಾಯಿ, ಸಹಾಯಕನ ಸಂಬಳ ಮತ್ತು ವಿದ್ಯುತ್ತು 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮಾರಾಟದಲ್ಲಿ ನೂರಕ್ಕೆ ಇಪ್ಪತ್ತು ಉಳಿಯುವುದಾದರೆ, ಕೇವಲ ಈ ಖರ್ಚು ಹುಟ್ಟಲು 1,25,000 ರೂಪಾಯಿಗಳ ವ್ಯಾಪಾರವಾಗಬೇಕು. ಅಂದರೆ ತಿಂಗಳಿಗೆ 25 ದಿನ ಬಾಗಿಲು ತೆರೆದರೆ ದಿನಕ್ಕೆ 5,000. ಮನೆಯವರ ದುಡಿಮೆಗೆ ಇನ್ನೂ ಬಿಡಿಗಾಸಿಲ್ಲ. ಪಂಚವಟಿಯಲ್ಲಿ ಯಾತ್ರಿಕರು ನಡೆದಾಡುವ ಬೀದಿಗೂ ಹೊಸ ಬಡಾವಣೆಯ ಒಳರಸ್ತೆಗೂ ಇರುವ ಅಂತರ ಇಲ್ಲಿ ತಿಳಿಯುತ್ತದೆ.

ಅಂತರಜಾಲದ ಲೆಕ್ಕ

ಬಾಡಿಗೆಯಿಲ್ಲವೆಂದ ಮಾತ್ರಕ್ಕೆ ಇದು ಖರ್ಚಿಲ್ಲದ ವ್ಯಾಪಾರವಲ್ಲ. ಮನೆಯಲ್ಲಿ ಮಾಡಿದ ಶೇಂಗಾ ಚಟ್ನಿಪುಡಿಯ ಪೊಟ್ಟಣ 200 ರೂಪಾಯಿ ಎನ್ನೋಣ. ಸಾಮಗ್ರಿ ಮತ್ತು ಪೊಟ್ಟಣ 110, ಸಾಗಣೆ 50, ಮಧ್ಯವರ್ತಿ ತಾಣದ ದಲಾಲಿ 20 ಕಳೆದರೆ ಉಳಿಯುವುದು 20 ರೂಪಾಯಿ. ಹತ್ತರಲ್ಲಿ ಒಂದು ಪೊಟ್ಟಣ ಒಡೆದು ಮರಳಿತೆನ್ನಿ: ಒಂಬತ್ತರಿಂದ ಬಂದ ಲಾಭ 180, ಮರಳಿದ್ದರಿಂದ ಸರಕಿನ 110 ಮತ್ತು ಹೋಗಿಬರುವ ಸಾಗಣೆಯ 100, ಒಟ್ಟು 210 ನಷ್ಟ. ಹತ್ತು ಮಾರಿ 30 ರೂಪಾಯಿ ಕಳೆದುಕೊಂಡಂತಾಯಿತು! ಮೂರು ಪೊಟ್ಟಣಗಳನ್ನು ಒಂದೇ ಕಟ್ಟಾಗಿ 70 ರೂಪಾಯಿ ಸಾಗಣೆಯಲ್ಲಿ ಕಳುಹಿಸಲಾದರೆ, ಅದೇ ಸರಕಿನಲ್ಲಿ 140 ರೂಪಾಯಿ ಉಳಿಯುತ್ತದೆ. ಜಾಣ್ಮೆ ಇರುವುದು ಇಂಥಲ್ಲಿ.

ಸರಕಿನ ಸ್ವಭಾವ

ಎರಡೂ ನಗರಗಳ ನಡುವಣ ಹಾದಿಯಲ್ಲಿರುವ ಯೇವಲೆ ಮತ್ತು ಸಂಭಾಜಿನಗರದ ದಕ್ಷಿಣಕ್ಕಿರುವ ಪೈಠಣ, ಪೈಠಣಿ ಸೀರೆಗೆ ಹೆಸರಾದವು. ಕೈಮಗ್ಗದ ಪೈಠಣಿಯ ಸೆರಗಿನ ಚಿತ್ತಾರ ಎರಡೂ ಬದಿಗೆ ಒಂದೇ ಬಗೆಯಾಗಿ ಕಾಣುವುದು. ಯಂತ್ರದ ಅಗ್ಗದ ಅನುಕರಣೆಯ ಹಿಂಬದಿಯಲ್ಲಿ ಸಾಮಾನ್ಯವಾಗಿ ಬಿಡಿ ಎಳೆಗಳು ತೋರುವುವು. ಬೆಲೆಬಾಳುವ ಸೀರೆಯನ್ನು ಗ್ರಾಹಕರು ಮುಟ್ಟಿ, ಮಗುಚಿ ನೋಡಬಯಸುತ್ತಾರೆ. ಆದುದರಿಂದ ಪೈಠಣಿಯನ್ನಾಗಲಿ, ನಮ್ಮ ಇಳಕಲ್ಲನ್ನಾಗಲಿ ಅಂತರಜಾಲದಲ್ಲಿ ಮಾರುವವರು ಹಿಂಬದಿಯ ಚಿತ್ರವನ್ನೂ, ಸಿಲ್ಕ್ ಮಾರ್ಕ್ ಅಥವಾ ಹ್ಯಾಂಡ್‌ಲೂಮ್ ಮಾರ್ಕ್ ಇದ್ದರೆ ಅದನ್ನೂ ತೋರಿಸತಕ್ಕದ್ದು.

ತಿನಿಸಿನ ವಿಷಯದಲ್ಲಿ ಆರೋಗ್ಯದ ಹೊಣೆಯೂ ಕೂಡಿದೆ. ತೇವ ತಗಲಿದ ಶೇಂಗಾದಲ್ಲಿ ಬೆಳೆಯುವ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನುಂಟುಮಾಡಬಲ್ಲದು. ಅದು ಯಕೃತ್ತಿಗೆ ಹಾನಿಕರ, ಹುರಿದ ಮಾತ್ರಕ್ಕೆ ಪೂರ್ಣ ನಾಶವಾಗದು. ಅಂಗಡಿಯಲ್ಲಿ ಕೆಟ್ಟ ಪೊಟ್ಟಣವನ್ನು ಕಂಡೊಡನೆ ತೆಗೆದಿಡಬಹುದು; ಅಂಚೆಯಲ್ಲಿ ಹೋದದ್ದು ಕೈಮೀರಿದ್ದು. ಒಣಗಿದ, ಆರಿಸಿದ ಕಾಳು ಮತ್ತು ಗಾಳಿಯಾಡದ ಪೊಟ್ಟಣ ಅನಿವಾರ್ಯ.

ಕಾನೂನಿನ ಕಟ್ಟಳೆ

ತಿನಿಸು ಮಾರಲು, ಎಲ್ಲಿ ಮಾರಿದರೂ, ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಬೇಕು. ಮಹಾರಾಷ್ಟ್ರದೊಳಗೆ ಸರಕು ಮಾತ್ರ ಮಾರುವ ಅಂಗಡಿಗೆ ವಾರ್ಷಿಕ ವಹಿವಾಟು 40 ಲಕ್ಷ ಮೀರುವವರೆಗೆ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಬೇಕಿಲ್ಲ. 2023ರ ಅಕ್ಟೋಬರ್ 1ರಿಂದ, ರಾಜ್ಯದೊಳಗೆ ಮಾತ್ರ ತಾಣಗಳ ಮೂಲಕ ಮಾರುವ ಸಣ್ಣವರಿಗೂ ಕೆಲವು ನಿಬಂಧನೆಗಳೊಡನೆ ಈ ವಿನಾಯಿತಿಯುಂಟು. ಆದರೆ ತೆರಿಗೆಗೊಳಪಟ್ಟ ಸರಕನ್ನು ಹುಬ್ಬಳ್ಳಿಗೋ ಬೆಂಗಳೂರಿಗೋ ಕಳುಹಿಸಿದರೆ, ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟು, ನೋಂದಣಿ ಕಡ್ಡಾಯ. ಲೆಕ್ಕಪರಿಶೋಧಕರನ್ನು ಮೊದಲೇ ಕೇಳುವುದು ಲೇಸು.

ಹಾಗಾದರೆ ಯಾವುದು ಮೇಲು? ಒಣ ತಿನಿಸಿನಂತಹ ಹಗುರ ಸರಕಿದ್ದು, ಪರಿಚಿತ ಗಿರಾಕಿಗಳಿದ್ದರೆ ಅಂತರಜಾಲದಿಂದ ಆರಂಭಿಸಬಹುದು. ಸೋತರೂ ಸಾವಿರಗಳಲ್ಲಿ ಸೋಲು. ಮುಟ್ಟಿ ನೋಡುವ ಸರಕಿಗೆ ಅಂಗಡಿ ಬೇಕು. ಆದರೆ ಮುಂಗಡ ಕೊಡುವ ಮುನ್ನ ಹಬ್ಬದ ಪ್ರದರ್ಶನದಲ್ಲೋ ಸಂಘದ ಸಮಾರಂಭದಲ್ಲೋ ಒಂದು ಮೇಜು ಹಾಕಿ ಪರೀಕ್ಷಿಸಬೇಕು. ಆರು ತಿಂಗಳ ಲೆಕ್ಕ ಬರೆದಿಟ್ಟ ಮೇಲೆ ಅಂಗಡಿಯ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ನಮ್ಮ ಹಿರಿಯರ ಮಾತು ಅಂತರಜಾಲದ ಕಾಲಕ್ಕೂ ಹಳತಾಗಿಲ್ಲ.