ಹತ್ತು ಕ್ಯಾಂಪಸ್ಸಿಗೆ ಒಂದೇ ಕಿಟಕಿ

ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವ ನಾವು, ಕಂಪ್ಯೂಟರ್ ‘ಇಲ್ಲ’ ಎಂದ ಕೂಡಲೇ ಒಪ್ಪಿಕೊಳ್ಳುವ ಜನ ಅಲ್ಲ. ಸಾಲ್ಬುಟಮಾಲ್ ಇಲ್ಲ ಎಂದು ತೋರಿಸಿದರೆ ಆಲ್ಬ್ಯುಟೆರಾಲ್ ಎಂದು ಹೊಡೆದು ನೋಡುತ್ತೇವೆ. ಅಡ್ರಿನಲಿನ್ ಸಿಗದಿದ್ದರೆ ಎಪಿನೆಫ್ರಿನ್, ಪ್ಯಾರಸಿಟಮಾಲ್ ಸಿಗದಿದ್ದರೆ ಅಸಿಟಮಿನೋಫೆನ್. ಔಷಧ ಒಂದೇ, ಬ್ರಿಟನ್ನಿನ ರೂಢಿಯಲ್ಲಿ ಓದಿದವರಿಗೆ ಒಂದು ಹೆಸರು, ಅಮೆರಿಕದ ರೂಢಿಯವರಿಗೆ ಇನ್ನೊಂದು. ಗಲ್ಫಿನ ಆಸ್ಪತ್ರೆಗಳಲ್ಲಿ ಇಬ್ಬರೂ ಒಂದೇ ಕೌಂಟರಿನ ಹಿಂದೆ ನಿಂತಿರುತ್ತೇವೆ. ಒಂದು ಆಸ್ಪತ್ರೆಗೆ ನಾಲ್ಕು ಶಾಖೆಗಳಿದ್ದು, ಪ್ರತಿ ಶಾಖೆಯೂ ತನ್ನದೇ ಪಟ್ಟಿ ಇಟ್ಟುಕೊಂಡಿದ್ದರೆ ಆಗುವ ಪಾಡು ನಮ್ಮಲ್ಲಿ ಅನೇಕರಿಗೆ ಗೊತ್ತು. ಒಂದು ಶಾಖೆಯ ಕಪಾಟಿನಲ್ಲಿ ಮಾಲು ಅವಧಿ ಮೀರುತ್ತಾ ಕೂತಿರುತ್ತದೆ, ಇನ್ನೊಂದು ಶಾಖೆ ಅದನ್ನೇ ತುರ್ತಾಗಿ ತರಿಸುತ್ತಿರುತ್ತದೆ.

ಹಾಗಾಗಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತನ್ನ ಹತ್ತು ಕ್ಯಾಂಪಸ್ಸುಗಳ ಗ್ರಂಥಾಲಯಗಳಿಗೆ ಒಂದೇ ಹುಡುಕಾಟದ ವ್ಯವಸ್ಥೆ ತಂದ ಕಥೆ ಓದಿದಾಗ, ಅದು ನಮ್ಮದೇ ಅಂಗಡಿಯ ಕಥೆಯಂತೆ ಕಂಡಿತು. ನಮ್ಮ ಸಂಘದ ಮನೆಗಳಿಂದ ಈಗ ಮಕ್ಕಳು ಅಮೆರಿಕಕ್ಕೂ ಓದಲು ಹೋಗುತ್ತಿದ್ದಾರೆ, ಅವರಿಗೂ ಉಪಯೋಗವಾದೀತು. ಇದನ್ನು ಬರೆಯುವುದರಲ್ಲಿ ನಮ್ಮದೊಂದು ಸ್ವಾರ್ಥವೂ ಇದೆ, ಅದನ್ನು ಆಮೇಲೆ ಹೇಳುತ್ತೇವೆ.

ಬರ್ಕ್ಲಿ, ಡೇವಿಸ್, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೋ ಎಂದು ರಾಜ್ಯದ ಉದ್ದಕ್ಕೂ ಹರಡಿರುವ ಈ ವಿಶ್ವವಿದ್ಯಾಲಯದ ಮುದ್ರಿತ ಸಂಪುಟಗಳೇ ಸುಮಾರು 4 ಕೋಟಿ. ಸ್ಯಾನ್ ಫ್ರಾನ್ಸಿಸ್ಕೋ ಕ್ಯಾಂಪಸ್ಸಿನಲ್ಲಿ ಆರೋಗ್ಯ ವಿಜ್ಞಾನ ಮಾತ್ರ. ಅಲ್ಲಿನ ಫಾರ್ಮಸಿ ಶಾಲೆ 1872ರಷ್ಟು ಹಳೆಯದು. ಹಲವು ಕ್ಯಾಂಪಸ್ಸುಗಳು ತಮ್ಮ ಕ್ಯಾಟಲಾಗಿಗೆ ಮುದ್ದಿನ ಹೆಸರಿಟ್ಟುಕೊಂಡಿದ್ದವು. ಬರ್ಕ್ಲಿಯದು ಆಸ್ಕಿಕ್ಯಾಟ್, ಅಲ್ಲಿನ ಆಟದ ತಂಡಗಳ ಕರಡಿಯ ಹೆಸರು ಆಸ್ಕಿ. ಸ್ಯಾನ್ ಡಿಯಾಗೋದ್ದು ರಾಜರ್, ರಿವರ್‌ಸೈಡಿನದು ಸ್ಕಾಟಿ, ಸಾಂತಾ ಕ್ರೂಜ್‌ನದು ಕ್ರೂಜ್‌ಕ್ಯಾಟ್. ಇವೆಲ್ಲವನ್ನೂ ಒಟ್ಟಿಗೆ ತೋರಿಸುವ ಮೆಲ್ವಿಲ್ ಎಂಬ ಕ್ಯಾಟಲಾಗು 1980ರ ದಶಕದಿಂದಲೇ ಇತ್ತು. ಪುಸ್ತಕಗಳಿಗೆ ದಶಮಾಂಶ ವರ್ಗೀಕರಣ ಕೊಟ್ಟ ಮೆಲ್ವಿಲ್ ಡ್ಯೂಯಿಯ ನೆನಪಿಗೆ ಇಟ್ಟ ಹೆಸರದು. ಆದರೆ ಅದು ಹಲವು ಪಟ್ಟಿಗಳ ಮೇಲೆ ಹೊದಿಸಿದ ಇನ್ನೊಂದು ಪಟ್ಟಿ. ಅದರ ಕೆಳಗೆ ಖರೀದಿ, ನಮೂದು, ಎರವಲು ಎಲ್ಲವನ್ನೂ ಪ್ರತಿ ಕ್ಯಾಂಪಸ್ಸು ತನ್ನದೇ ಸಾಫ್ಟ್‌ವೇರಿನಲ್ಲಿ, ತನ್ನದೇ ಪದ್ಧತಿಯಲ್ಲಿ ಮಾಡಿಕೊಳ್ಳುತ್ತಿತ್ತು.

ಅದೇ ರಾಜ್ಯದ ಇನ್ನೊಂದು ದೊಡ್ಡ ಸಂಸ್ಥೆ, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, 2017ರಲ್ಲೇ ತನ್ನ ಆಗಿನ 23 ಕ್ಯಾಂಪಸ್ಸುಗಳನ್ನು ಒಂದೇ ವ್ಯವಸ್ಥೆಗೆ ತಂದಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೊಸ ಕಿಟಕಿ ತೆರೆದದ್ದು 2021ರ ಜುಲೈ 27ರಂದು. ಎರಡೂ ಕಡೆ ಸಾಫ್ಟ್‌ವೇರ್ ಎಕ್ಸ್ ಲಿಬ್ರಿಸ್ ಕಂಪನಿಯದೇ. ಒಳಗಿನ ಕೆಲಸಕ್ಕೆ ಆಲ್ಮಾ, ಓದುಗನ ಎದುರಿಗೆ ಪ್ರೈಮೋ. ತಯಾರಿಯ ಬಹುಪಾಲು ನಡೆದದ್ದು ಕೋವಿಡ್ ಕಾಲದಲ್ಲಿ, ಗ್ರಂಥಾಲಯಗಳ ಬಾಗಿಲು ಮುಚ್ಚಿದ್ದಾಗ. ಆ ದಿನಗಳಲ್ಲಿ ಮುಖಗವಸು ಹಾಕಿಕೊಂಡು ಔಷಧ ಎಣಿಸುತ್ತಿದ್ದ ನಮಗೆ, ಜಗತ್ತಿನ ಇನ್ನೊಂದು ಮೂಲೆಯಲ್ಲಿ ಜನ ಮನೆಯಲ್ಲಿ ಕೂತು ಕೋಟಿಗಟ್ಟಲೆ ಪುಸ್ತಕದ ನಮೂದುಗಳನ್ನು ಹೊಂದಿಸುತ್ತಿದ್ದರು ಎಂದು ಈಗ ತಿಳಿದರೆ ಏನೋ ಒಂದು ಬಂಧುತ್ವ ಅನಿಸುತ್ತದೆ.

ಸಾಫ್ಟ್‌ವೇರ್ ಕೊಂಡರೆ ಕೆಲಸ ಮುಗಿಯಿತು ಎಂದು ಆಡಳಿತದವರು ತಿಳಿಯುವುದು ಎಲ್ಲೆಡೆ ಇದ್ದದ್ದೇ. ನಿಜವಾದ ಕೆಲಸ ಅಲ್ಲಿಂದ ಶುರು. ಒಂದೇ ಪುಸ್ತಕ ಐದು ಕ್ಯಾಂಪಸ್ಸಿನಲ್ಲಿದ್ದರೆ ಐದು ನಮೂದುಗಳಿರುತ್ತವೆ. ಒಂದರಲ್ಲಿ ಲೇಖಕರ ಜನ್ಮವರ್ಷ ಇರುತ್ತದೆ, ಇನ್ನೊಂದರಲ್ಲಿ ಇಲ್ಲ. ಒಂದು ಕಡೆ ವಿಷಯ ‘ಆಯುರ್ವೇದ’, ಇನ್ನೊಂದು ಕಡೆ ‘ಭಾರತ – ವೈದ್ಯಕೀಯ’ ಎಂದಿರಬಹುದು. ಇವು ಐದಲ್ಲ, ಒಂದೇ ಎಂದು ಯಂತ್ರಕ್ಕೆ ಹೇಳಿಕೊಡಲು ಮುಖ್ಯ ಆಧಾರ ಒಸಿಎಲ್‌ಸಿ ಎಂಬ ಗ್ರಂಥಾಲಯಗಳ ಸಹಕಾರಿ ಸಂಸ್ಥೆ ಕೊಡುವ ಸಂಖ್ಯೆ. ಔಷಧದ ಡಬ್ಬಿಗೆ ನೋಂದಣಿ ಸಂಖ್ಯೆ ಇದ್ದ ಹಾಗೆ. ಸಂಖ್ಯೆ ಸರಿಯಿದ್ದರೆ ಐದು ನಮೂದು ಸೇರಿ ಒಂದಾಗಿ, ಅದರ ಕೆಳಗೆ ಐದು ಊರಿನ ಹೆಸರು ಬರುತ್ತದೆ. ಸಂಖ್ಯೆ ಇಲ್ಲದ ಹಳೆಯ ನಮೂದುಗಳಿಗೆ ಮನುಷ್ಯರೇ ಕಣ್ಣು ಹಾಯಿಸಬೇಕು.

ಹೆಸರಿನ ವಿಷಯದಲ್ಲಿ ಗ್ರಂಥಪಾಲಕರು ನಮಗಿಂತ ಜಾಣರು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ವಿಷಯಸೂಚಿಯಲ್ಲಿ ಅಸಿಟಮಿನೋಫೆನ್ ಎಂಬುದು ಮುಖ್ಯ ಹೆಸರು. ಪ್ಯಾರಸಿಟಮಾಲ್ ಎಂಬುದು ಅದಕ್ಕೆ ಕರೆದೊಯ್ಯುವ ಅಡ್ಡಹೆಸರು. ಯಾವ ಹೆಸರಲ್ಲಿ ಕೇಳಿದರೂ ಒಂದೇ ಕಪಾಟಿಗೆ ದಾರಿ. ಯಾವುದು ಮುಖ್ಯ, ಯಾವುದು ಅಡ್ಡ ಎಂಬುದಕ್ಕಿಂತ ಎರಡನ್ನೂ ಬರೆದಿಟ್ಟಿದ್ದಾರೆ ಎಂಬುದೇ ದೊಡ್ಡದು. ನಮ್ಮ ಅನೇಕ ಔಷಧಪಟ್ಟಿಗಳಲ್ಲಿ ಇಷ್ಟು ಮಾಡಿದ್ದರೆ ಎಷ್ಟೋ ರಾತ್ರಿ ಪಾಳಿಗಳಲ್ಲಿ ಫೋನು ಕಡಿಮೆ ಬರುತ್ತಿತ್ತು.

ಓದಲು ಹೋಗುವ ಮಕ್ಕಳು ತಿಳಿದಿರಬೇಕಾದ ಒಂದು ಮಾತು: ಹುಡುಕಾಟ ಒಂದಾಗಿದೆ, ಹಕ್ಕು ಒಂದಾಗಿಲ್ಲ. ಮುದ್ರಿತ ಪುಸ್ತಕ ಬೇರೆ ಕ್ಯಾಂಪಸ್ಸಿನಲ್ಲಿದ್ದರೆ ಕೋರಿಕೆ ಹಾಕಿ ತರಿಸಿಕೊಳ್ಳಬಹುದು. ರಿಚ್ಮಂಡ್ ಮತ್ತು ಲಾಸ್ ಏಂಜಲಿಸ್‌ನಲ್ಲಿರುವ ಎರಡು ದೊಡ್ಡ ಉಗ್ರಾಣಗಳಿಂದಲೂ ಬರುತ್ತದೆ. ಆದರೆ ಇ-ಪುಸ್ತಕ, ಇ-ಪತ್ರಿಕೆಗಳದು ಪರವಾನಗಿಯ ವ್ಯವಹಾರ. ಕೆಲವನ್ನು ಹತ್ತೂ ಕ್ಯಾಂಪಸ್ಸು ಸೇರಿ ಕೊಳ್ಳುತ್ತವೆ, ಕೆಲವನ್ನು ಒಂದೊಂದು ಕ್ಯಾಂಪಸ್ಸು ತನ್ನ ದುಡ್ಡಿನಲ್ಲಿ ಕೊಳ್ಳುತ್ತದೆ. ಪಕ್ಕದ ಕ್ಯಾಂಪಸ್ಸು ಕೊಂಡ ಇ-ಪುಸ್ತಕ ಪರದೆಯ ಮೇಲೆ ಕಂಡರೂ ನಿಮಗೆ ತೆರೆಯಲಿಕ್ಕಿಲ್ಲ. ಎಲ್ಸೆವಿಯರ್ ಎಂಬ ದೊಡ್ಡ ಪ್ರಕಾಶಕರ ಜೊತೆ ಇದೇ ವಿಶ್ವವಿದ್ಯಾಲಯದ ಮಾತುಕತೆ 2019ರಲ್ಲಿ ಮುರಿದುಬಿದ್ದು, 2021ರ ಮಾರ್ಚಿನಲ್ಲಷ್ಟೇ ಹೊಸ ಒಪ್ಪಂದವಾಯಿತು. ಎಷ್ಟು ಒಳ್ಳೆಯ ಕಿಟಕಿ ಇದ್ದರೂ ಇಂಥ ಬಾಗಿಲು ಅದರಿಂದ ತೆರೆಯುವುದಿಲ್ಲ.

ಇನ್ನು ನಮ್ಮ ಕನ್ನಡದ ವಿಷಯ. ನಮ್ಮ ಅಪ್ಪ ಅಮ್ಮಂದಿರ ಕಾಲದಲ್ಲಿ ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬರುತ್ತಿತ್ತಲ್ಲ, ಪಿ.ಎಲ್. 480 ಗೋಧಿ, ಅದಕ್ಕೆ ಭಾರತ ರೂಪಾಯಿಯಲ್ಲಿ ಹಣ ಕೊಡುತ್ತಿತ್ತು. ಆ ರೂಪಾಯಿಯ ಒಂದು ಪಾಲಿನಿಂದ 1962ರ ಹೊತ್ತಿಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚತೊಡಗಿತು. ಬರ್ಕ್ಲಿಗೂ ಹೋಯಿತು. ಹಾಗಾಗಿ ನಮ್ಮ ಊರಿನ ಲೈಬ್ರರಿಯಲ್ಲಿ ಗೆದ್ದಲು ತಿಂದಿರಬಹುದಾದ ಕನ್ನಡ ಪುಸ್ತಕ ಅಲ್ಲಿ ಭದ್ರವಾಗಿರುವ ಸಾಧ್ಯತೆ ಇದೆ. ಆದರೆ ಸಿಗುವುದು ಹೇಗೆ?

ಅಲ್ಲಿನ ಹಳೆಯ ದಾಖಲೆಗಳಲ್ಲಿ ಕನ್ನಡ ಹೆಸರುಗಳು ಬಹುಪಾಲು ರೋಮನ್ ಲಿಪಿಯಲ್ಲೇ ಇವೆ, ಅದೂ ಗ್ರಂಥಾಲಯದವರದೇ ನಿಯಮದಲ್ಲಿ. ದೀರ್ಘ ಸ್ವರದ ತಲೆಯ ಮೇಲೆ ಗೆರೆ, ಟಕಾರ ಳಕಾರಗಳ ಕೆಳಗೆ ಚುಕ್ಕೆ. ಶಿವರಾಮ ಕಾರಂತರ ‘ಬೆಟ್ಟದ ಜೀವ’ ಹುಡುಕುವಾಗ ನಾವು ಮೊಬೈಲಿನ ಅಭ್ಯಾಸದಂತೆ ‘ಜೀ’ಗೆ ಎರಡು ‘ಇ’ ಹಾಕುತ್ತೇವೆ. ಅಲ್ಲಿ ಇರುವುದು ಒಂದು ‘ಐ’, ಅದರ ಮೇಲೊಂದು ಗೆರೆ. ಗೆರೆ ಬಿಟ್ಟರೆ ಯಂತ್ರ ಕ್ಷಮಿಸುತ್ತದೆ, ಎರಡು ‘ಇ’ ಹಾಕಿದರೆ ಕ್ಷಮಿಸುವ ಭರವಸೆ ಇಲ್ಲ. ‘ಮೂಕಜ್ಜಿಯ ಕನಸುಗಳು’ ಹುಡುಕುವವರು ‘ಮೂ’ಗೆ ಎರಡು ‘ಓ’ ಬಿಟ್ಟು ಒಂದು ‘ಯು’ ಹಾಕಿ ನೋಡಬೇಕು.

ಅರಬ್ಬೀ ಪುಸ್ತಕಗಳಿಗೆ ಈ ಕಷ್ಟ ಅಷ್ಟಿಲ್ಲ. ಗ್ರಂಥಾಲಯಗಳ ಹಳೆಯ ಕಂಪ್ಯೂಟರ್ ಸಂಕೇತಗಳಲ್ಲಿ ಅರಬ್ಬೀ, ಹೀಬ್ರೂ, ಚೀನೀ, ಜಪಾನೀ, ಕೊರಿಯನ್ ಲಿಪಿಗಳಿಗೆ ಜಾಗವಿತ್ತು. ರೋಮನ್ ರೂಪದ ಜೊತೆಗೆ ಮೂಲ ಲಿಪಿಯನ್ನೂ ದಾಖಲಿಸುತ್ತಾ ಬಂದರು. ಭಾರತದ ಲಿಪಿಗಳಿಗೆ ಅಲ್ಲಿ ಜಾಗ ಇರಲಿಲ್ಲ. ಯೂನಿಕೋಡ್ ಬಂದ ಮೇಲೆ ತಾಂತ್ರಿಕ ಅಡ್ಡಿ ಹೋಗಿದೆ. ಆದರೆ ಹಳೆಯ ನಮೂದುಗಳಿಗೆ ಕನ್ನಡ ಬಲ್ಲವರು ಒಂದೊಂದಾಗಿ ಮತ್ತೆ ಕೈಹಾಕಬೇಕು, ಆ ಕೈಗಳು ಎಲ್ಲೂ ಹೆಚ್ಚಿಲ್ಲ. ಹತ್ತು ಪಟ್ಟಿ ಸೇರಿಸಿ ಒಂದು ಮಾಡಿದರೆ ಹತ್ತರಲ್ಲೂ ಕನ್ನಡ ಲಿಪಿಯಲ್ಲಿ ಬರೆಯದ ಹೆಸರು ಒಂದರಲ್ಲೂ ಹುಟ್ಟಿಕೊಳ್ಳುವುದಿಲ್ಲ.

ಈಗ ಸ್ವಾರ್ಥದ ಮಾತು. ನಮ್ಮ ಸಂಘದ ಪುಸ್ತಕಗಳು ಸದ್ಯ ನಾಲ್ಕು ಮನೆಗಳಲ್ಲಿವೆ. ಒಂದು ಮನೆಯ ಪಟ್ಟಿ ಎಕ್ಸೆಲ್‌ನಲ್ಲಿ, ಒಂದರದು ನೋಟ್‌ಬುಕ್ಕಿನಲ್ಲಿ, ಒಂದರದು ವಾಟ್ಸಾಪಿನ ಹಳೆಯ ಫೋಟೋದಲ್ಲಿ, ನಾಲ್ಕನೆಯದಕ್ಕೆ ಪಟ್ಟಿಯೇ ಇಲ್ಲ. ಖಾಯಂ ಊರಿಗೆ ಹೊರಟವರು ಕೊನೆಯ ವಾರದಲ್ಲಿ ಪೆಟ್ಟಿಗೆ ತಂದಿಳಿಸುತ್ತಾರೆ, ಅದರೊಳಗೆ ಏನಿದೆ ಎಂದು ತಿಳಿಯುವುದು ಮುಂದಿನವರು ಊರಿಗೆ ಹೊರಟಾಗ. ಕಾದಂಬರಿ ಬೇಕೆಂದು ಮಕ್ಕಳು ಕೇಳಿದರೆ ‘ಇರಬೇಕು, ನೋಡೋಣ’ ಎನ್ನುತ್ತೇವೆ.

ಔಷಧ ವಿಭಾಗದ ನಾವು ಮೂವರು ಈ ವರ್ಷ ಒಂದೇ ಪಟ್ಟಿ ಮಾಡಲು ಕೂತಿದ್ದೇವೆ. ಸಾಫ್ಟ್‌ವೇರ್ ಏನೂ ಬೇಡ, ಎಕ್ಸೆಲ್ ಸಾಕು. ಮೊದಲ ಕಾಲಂನಲ್ಲಿ ಕನ್ನಡ ಲಿಪಿಯಲ್ಲಿ ಹೆಸರು, ಪಕ್ಕದಲ್ಲಿ ಮಕ್ಕಳು ಮೊಬೈಲಿನಲ್ಲಿ ಹೊಡೆಯುವ ರೀತಿಯ ಇಂಗ್ಲಿಷ್ ಸ್ಪೆಲ್ಲಿಂಗ್. ಲೇಖಕರಿಗೆ ಎರಡು ಕಾಲಂ, ಏಕೆಂದರೆ ಕನ್ನಡದವರಿಗೂ ಔಷಧಗಳಂತೆ ಎರಡೆರಡು ಹೆಸರು. ಕುವೆಂಪು ಎಂದು ಕೇಳಿದರೂ ಕೆ.ವಿ. ಪುಟ್ಟಪ್ಪ ಎಂದು ಕೇಳಿದರೂ ಸಿಗಬೇಕು. ತ್ರಿವೇಣಿ ಎಂದರೂ ಅನಸೂಯ ಶಂಕರ್ ಎಂದರೂ ಸಿಗಬೇಕು. ಮಾಸ್ತಿಯವರ ಪುಸ್ತಕದ ಮೇಲೆ ‘ಶ್ರೀನಿವಾಸ’ ಎಂದಿದ್ದರೆ ಅದು ಬೇರೆಯವರದೆಂದು ಬದಿಗೆ ಹೋಗಬಾರದು. ಕೊನೆಯ ಕಾಲಂನಲ್ಲಿ ಯಾರ ಮನೆ, ಯಾವ ಪೆಟ್ಟಿಗೆ.

ನಿಮ್ಮಲ್ಲಿ ಸಂಘದ ಪುಸ್ತಕಗಳಿದ್ದರೆ ಹೆಸರಿನ ಪುಟದ ಫೋಟೋ ತೆಗೆದು ಕಳಿಸಿ, ಹೊದಿಕೆಯದು ಬೇಡ. ಹೊದಿಕೆಯ ಮೇಲೆ ಎಷ್ಟೋ ಸಲ ಲೇಖಕರ ಪೂರ್ತಿ ಹೆಸರೂ ಮುದ್ರಣದ ವರ್ಷವೂ ಇರುವುದಿಲ್ಲ. ನಮೂದಿಸುವ ಕೆಲಸ ನಮ್ಮದು. ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆ ಮಾತ್ರ ಫೋನು ಮಾಡಬೇಡಿ.